ಕೊಚ್ಚಿಗೆ ಹೋದ ಮೂರನೆಯವನು

ನಾನು ಕೊಚ್ಚಿಯನ್ನು ನೋಡಿಲ್ಲ. ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಕೊಚ್ಚಿಯಲ್ಲಿ ದೋಣಿಗಳು ನಿಲ್ಲುವ ಜೆಟ್ಟಿಯಲ್ಲಿ ಗೆಳೆಯನೊಬ್ಬನನ್ನು ನೀರುಪಾಲಾಗಲು ಬಿಟ್ಟು ಓಡಿಬಂದವನು ಎಂಬ ಅಪವಾದವನ್ನು ನನ್ನ ಯೌವನದಿಂದ ಈ ವೃದ್ಧಾಪ್ಯದವರೆಗೆ ಹೊತ್ತಿದ್ದೇನೆ. ಅದನ್ನು ಹೊರಿಸಿದವನು ನನ್ನ ಇನ್ನೊಬ್ಬ ಗೆಳೆಯ ಶೇಷಗಿರಿ. ಬಾಯಿಂದ ಬಾಯಿಗೆ ದಾಟಿಸಿದವರು ಜಯನಗರದ ನಮ್ಮ ಬೀದಿಯವರು. ಸುಳ್ಳೆಂದು ತಿಳಿದೂ ಸುಮ್ಮನಿದ್ದವರು ಒಬ್ಬರಿದ್ದರು. ಅವರ ವಿಷಯ ಮುಂದೆ ಬರುತ್ತದೆ.

ಆ ಘಟನೆ ನಡೆಯುವ ತನಕ ನನಗೆ ದೆವ್ವ, ಶಕುನಗಳಂಥ ಸಂಗತಿಗಳಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವುದು ನನ್ನ ವೃತ್ತಿಯಾಗಿತ್ತು. ಅಳತೆಗೆ ಸಿಕ್ಕದ್ದನ್ನು ಕಾಗದದ ಮೇಲೆ ಇಳಿಸಲು ಬರುವುದಿಲ್ಲ. ಹಾಗೆ ಇಳಿಯದ್ದನ್ನು ಒಪ್ಪಿಕೊಳ್ಳುವ ಅಗತ್ಯವೂ ನನಗೆ ಕಂಡಿರಲಿಲ್ಲ. ಯಾರಾದರೂ ತಾವು ಕಂಡ ದೆವ್ವದ ಕಥೆ ಶುರು ಮಾಡಿದರೆ, ಬೆಳಕು ಎಷ್ಟಿತ್ತು, ಹೊಟ್ಟೆಗೆ ಏನು ತಿಂದಿದ್ದಿರಿ ಎಂದು ಕೇಳಿ ಅವರ ಉತ್ಸಾಹವನ್ನು ಇಳಿಸುತ್ತಿದ್ದೆ. ಓದುಗರು ಅದೇ ಪ್ರಶ್ನೆಗಳನ್ನು ನನಗೂ ಕೇಳಬಹುದು. ಬೆಳಕು ಚೆನ್ನಾಗಿಯೇ ಇತ್ತು. ಊಟವನ್ನೂ ಮಾಡಿದ್ದೆ.

ಅದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರ ಆಗ ಹೊಸ ಬಡಾವಣೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಖಾಲಿ ನಿವೇಶನಗಳು, ಜಲ್ಲಿಯ ರಾಶಿಗಳು, ಸುಣ್ಣದ ಗುಂಡಿಗಳು. ನಾನು ವಿಲ್ಸನ್ ಗಾರ್ಡನ್ನಿನ ಅಣ್ಣನ ಮನೆಯನ್ನು ಬಿಟ್ಟು ಇಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಎದುರು ಮನೆಯಲ್ಲಿ ಶೇಷಗಿರಿ ಮತ್ತು ಅವನ ತಾಯಿ ವೆಂಕಮ್ಮನವರು; ಅವನು ಬ್ಯಾಂಕಿನಲ್ಲಿ ಗುಮಾಸ್ತ. ಹಿಂದಿನ ಬೀದಿಯಲ್ಲಿ ರಾಮಮೂರ್ತಿ, ನಮ್ಮಿಬ್ಬರಿಗೂ ರಾಮು. ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಮೂವರಿಗೂ ಮದುವೆಯಾಗಿರಲಿಲ್ಲ. ಸಂಜೆಯಾದರೆ ಶೇಷಗಿರಿಯ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು.

ಕೊಚ್ಚಿಯ ಯೋಚನೆ ರಾಮುವಿನದು. ಸಮುದ್ರ ದಾಟಿ ಬಂದವರ ಪಾಠವನ್ನು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಪೋರ್ಚುಗೀಸರ ಚರ್ಚು, ಡಚ್ಚರ ಹೆಸರು ಹೊತ್ತ ಅರಮನೆ, ಯಹೂದಿಗಳ ಬೀದಿ, ದಡದಲ್ಲಿ ಏಳುತ್ತ ಬಾಗುತ್ತ ನಿಂತ ಚೀನೀ ಬಲೆಗಳು, ಇವನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕೆಂದ. ಎರಡನೆಯ ಶನಿವಾರದ ರಜೆಯ ಜೊತೆಗೆ ಭಾನುವಾರ ಸೇರುತ್ತದೆ; ಶೇಷಗಿರಿ ಬ್ಯಾಂಕಿಗೆ ಒಂದು ದಿನ ರಜೆ ಹಾಕಿದರಾಯಿತು. ಶುಕ್ರವಾರ ಸಂಜೆ ರೈಲು ಹತ್ತಿ, ಭಾನುವಾರ ರಾತ್ರಿ ಅಲ್ಲಿಂದ ಹೊರಟರೆ ಸೋಮವಾರ ಕೆಲಸಕ್ಕೆ ಹಾಜರಾಗಬಹುದು. ಟಿಕೆಟ್ಟನ್ನೂ ಉಡುಪಿಯವರೊಬ್ಬರ ಲಾಡ್ಜಿನಲ್ಲಿ ಕೋಣೆಯನ್ನೂ ಶೇಷಗಿರಿ ಗೊತ್ತುಮಾಡಿದ. ನನ್ನ ಪಾಲಿಗೆ ಬಂದದ್ದು ದಾರಿ. ಗ್ರಂಥಾಲಯದಲ್ಲಿ ಕುಳಿತು, ಹಳೆಯ ಪುಸ್ತಕಗಳನ್ನು ನೋಡಿ, ಆ ಊರಿನ ನಕ್ಷೆಯೊಂದನ್ನು ಅಚ್ಚುಕಟ್ಟಾಗಿ ಬರೆದೆ. ಯಾವ ಬೀದಿ ಎಲ್ಲಿ ತಿರುಗುತ್ತದೆ, ದೋಣಿಗೆ ಯಾವ ಜೆಟ್ಟಿಯಲ್ಲಿ ಕಾಯಬೇಕು, ಎಲ್ಲವನ್ನೂ ಗುರುತಿಸಿದೆ. ಮುಂದೆ ಆ ನಕ್ಷೆಯನ್ನೇ ನನ್ನ ವಿರುದ್ಧ ತಿರುಗಿಸಿದರು. ಹೋಗದವನಿಗೆ ಜೆಟ್ಟಿಯ ದಾರಿ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದರು.

ಹೊರಡುವ ಮುಂಚಿನ ಭಾನುವಾರ ಜಗಲಿಯ ಮೇಲೆ ಆ ನಕ್ಷೆಯನ್ನು ಹರಡಿಕೊಂಡು ಕುಳಿತಿದ್ದೆವು. ವೆಂಕಮ್ಮನವರು ಕಾಫಿ ತಂದಿಟ್ಟು, ಯಾರು ಯಾರು ಹೊರಟಿದ್ದೀರಿ ಎಂದು ಕೇಳಿದರು. ನಾವು ಮೂವರೇ ಎಂದೆವು.

"ಮೂರ್ ಜನ ಹೊರಡ್ಬಾರ್ದು ಕಣ್ರೋ. ಇನ್ನೊಬ್ರನ್ನ ಕರ್ಕೊಳಿ. ಯಾರೂ ಸಿಗ್ದಿದ್ರೆ ಒಂದು ಕಲ್ಲಾದ್ರೂ ಜೇಬಿಗೆ ಹಾಕ್ಕೊಳಿ."

ಈ ಪದ್ಧತಿ ನಮ್ಮ ಕಡೆಯ ಮನೆಗಳಲ್ಲಿ ಇರುವಂಥದೇ. ಮೂವರು ಒಟ್ಟಿಗೆ ಹೊರಟರೆ ಕೆಡುಕು. ಒಂದು ಕಲ್ಲನ್ನು ಇಟ್ಟುಕೊಂಡರೆ ಅದು ನಾಲ್ಕನೆಯವರ ಲೆಕ್ಕಕ್ಕೆ ಬರುತ್ತದೆ. ನಾನು ನಕ್ಕು ಸುಮ್ಮನಾದೆ. ರಾಮು ಮಾತ್ರ ಎದ್ದು ಹೋಗಿ, ಪಕ್ಕದ ನಿವೇಶನದಲ್ಲಿ ಸುರಿದಿದ್ದ ಜಲ್ಲಿಯಿಂದ ಒಂದು ಕಲ್ಲನ್ನು ಆರಿಸಿ ತಂದು, ಧೂಳು ಒರೆಸಿ, ಬೆಂಚಿನ ಮೇಲೆ ಇಟ್ಟ. ಅದರಲ್ಲಿ ಯಾವ ವಿಶೇಷವೂ ಇರಲಿಲ್ಲ. ಮನೆ ಕಟ್ಟಲು ಒಡೆದ ಸಾಧಾರಣ ಕಲ್ಲು.

"ಇವ್ರು ಕಲ್ಲಪ್ಪನವರು," ಎಂದ ರಾಮು. "ನಮ್ ಜೊತೆ ಕೊಚ್ಚಿಗೆ ಬರ್ತಾರೆ."

"ಕಿಟಕಿ ಸೀಟು ಕೊಡೋಣ ಕಣೋ ಇವ್ರಿಗೆ," ಎಂದ ಶೇಷಗಿರಿ. ಆಮೇಲೆ ನನ್ನ ಕಡೆ ನೋಡಿ, "ಇವನಿಗಿಂತ ಕಲ್ಲಪ್ಪನೇ ವಾಸಿ. ಮಾತ್ ಮಾತಿಗೂ ಮುನಿಸ್ಕೊಳಲ್ಲ. ಇವ್ನು ಬರದೇ ಇದ್ರೂ ಚಿಂತೆಯಿಲ್ಲ. ಇವನ ಬದ್ಲು ನೀನೇ ಬಾರಪ್ಪ ಕಲ್ಲಪ್ಪ," ಎಂದ.

ಈ ಮಾತನ್ನು ಆಡಿದವನು ಶೇಷಗಿರಿ, ರಾಮುವಲ್ಲ. ನನಗೆ ಇದು ಸ್ಪಷ್ಟವಾಗಿ ನೆನಪಿದೆ. ವೆಂಕಮ್ಮನವರು ಒಳಗಿನಿಂದ ಹೊಸ್ತಿಲಿಗೆ ಬಂದು ಗದರಿದ್ದೂ ನೆನಪಿದೆ.

"ಕಲ್ಲಿಗೆ ಹೆಸರಿಟ್ಟು ಕರೀಬೇಡ್ವೋ. ಸುಮ್ನೆ ಜೇಬಲ್ಲಿಟ್ಕೊಂಡು ಹೋಗ್ಬೇಕು, ವಾಪಸ್ ಬರ್ವಾಗ ಬಾಗ್ಲಾಚೆ ಎಸೀಬೇಕು. ಮಾತಾಡಿಸ್ತಾರಾ ಯಾರಾದ್ರೂ?"

ಮಗ ಇನ್ನಷ್ಟು ನಕ್ಕ. ರಾಮು ಆ ಕಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಶುಕ್ರವಾರ ನನ್ನ ಮೇಲಧಿಕಾರಿ ಕಚೇರಿ ಮುಚ್ಚುವ ಹೊತ್ತಿಗೆ ಸರಿಯಾಗಿ ಒಂದು ತಿದ್ದುಪಡಿಯನ್ನು ತಂದು ಮೇಜಿನ ಮೇಲೆ ಹಾಕಿದರು. ಅದನ್ನು ಮುಗಿಸಿ, ಬಸ್ಸು ಹಿಡಿದು, ಕೋಣೆಯಿಂದ ಚೀಲ ತೆಗೆದುಕೊಂಡು ಶೇಷಗಿರಿಯ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಗೊತ್ತಾದ ಹೊತ್ತು ಸ್ವಲ್ಪ ಮೀರಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ವೆಂಕಮ್ಮನವರು ಬಾಗಿಲು ತೆರೆದು ನನ್ನನ್ನೂ ಚೀಲವನ್ನೂ ನೋಡಿದರು.

"ಇದೇನಪ್ಪ, ಈಗ ತಾನೇ ಹೋದ್ಯಲ್ಲ. ಏನಾದ್ರೂ ಮರ್ತ್ಯಾ?"

"ಇಲ್ಲಮ್ಮ, ನಾನು ಈಗ್ಲೇ ಬರ್ತಿರೋದು. ಅವ್ರು ಹೊರಟ್ರಾ?"

"ತಮಾಷೆ ಮಾಡ್ಬೇಡ. ಮೂರ್ ಜನದ ಕೈಗೂ ಮೊಸರು ಸಕ್ರೆ ಹಾಕ್ದೆ ನಾನು. ನೀನೂ ಕೈ ಚಾಚಿ ಇಸ್ಕೊಂಡೆ. ಮಾತಾಡ್ಲಿಲ್ಲ ಅಷ್ಟೆ. ಎಂದಿನ ಹಾಗೆ ಏನೋ ಕೋಪ ಅಂದ್ಕೊಂಡೆ."

ವಯಸ್ಸಾದವರು, ಕಣ್ಣು ಮಂಜಾಗಿರಬೇಕು ಎಂದುಕೊಂಡು, ವಾದಕ್ಕೆ ನಿಲ್ಲದೆ ಆಟೋ ಹಿಡಿದು ಸ್ಟೇಷನ್ನಿಗೆ ಓಡಿದೆ. ನಾನು ಪ್ಲಾಟ್‌ಫಾರಂ ಮುಟ್ಟಿದಾಗ ರೈಲು ಆಗಲೇ ಅಲುಗಾಡಿತ್ತು. ಡಬ್ಬಿಗಳ ಪಕ್ಕದಲ್ಲೇ ಓಡುತ್ತ ಹೋದೆ. ಮೂರನೆಯ ದರ್ಜೆಯ ಡಬ್ಬಿಯೊಂದರ ಕಿಟಕಿಯಲ್ಲಿ ಶೇಷಗಿರಿ ಕಾಣಿಸಿದ. ಅವನ ಹೆಸರು ಹಿಡಿದು ಕೂಗಿದೆ. ಅವನು ನೇರವಾಗಿ ನನ್ನ ಮುಖ ನೋಡಿದ. ಕಡಲೆಕಾಯಿ ಮಾರುವವನನ್ನು ನೋಡಿ ಬೇಡವೆಂದು ತಲೆಯಾಡಿಸುತ್ತೇವಲ್ಲ, ಹಾಗೆ ತಲೆಯಾಡಿಸಿ ಒಳಕ್ಕೆ ತಿರುಗಿದ. ಅವನ ಎದುರಿಗೆ ರಾಮು. ರಾಮುವಿನ ಪಕ್ಕದಲ್ಲಿ ಇನ್ನೊಬ್ಬ, ನನಗೆ ಬೆನ್ನು ಮಾಡಿ ಕುಳಿತಿದ್ದ. ರಾಮು ಅವನ ಹೆಗಲ ಮೇಲೆ ಕೈಯಿಟ್ಟು ಏನನ್ನೋ ಹೇಳುತ್ತಿದ್ದ. ಆ ಬೆನ್ನು ಅಲುಗಲಿಲ್ಲ. ಡಬ್ಬಿ ಒಮ್ಮೆ ಜಗ್ಗಿದಾಗ ಉಳಿದವರೆಲ್ಲ ಮುಂದಕ್ಕೆ ವಾಲಿದರು. ಆ ಬೆನ್ನು ವಾಲಲಿಲ್ಲ. ನನ್ನ ಜಾಗ ಖಾಲಿಯಿರಲಿಲ್ಲ.

ರೈಲು ಹೊರಟುಹೋಯಿತು. ನನಗೆ ಆಗ ಬಂದದ್ದು ಭಯವಲ್ಲ, ಸಿಟ್ಟು. ಸ್ವಲ್ಪ ತಡವಾಯಿತೆಂದು ನನ್ನನ್ನು ಬಿಟ್ಟು, ನನ್ನ ಟಿಕೆಟ್ಟಿನ ಮೇಲೆ ಬೇರೊಬ್ಬನನ್ನು ಕರೆದುಕೊಂಡು ಹೋಗಿದ್ದಾರೆ, ಕಂಡೂ ಕಾಣದವರಂತೆ ಇದ್ದಾರೆ ಎಂದು ತೀರ್ಮಾನಿಸಿದೆ. ಯಾವ ಮನುಷ್ಯನಾದರೂ ಹಾಗೆಯೇ ತೀರ್ಮಾನಿಸುತ್ತಿದ್ದ.

ಮಾರನೆಯ ಬೆಳಿಗ್ಗೆ ವೆಂಕಮ್ಮನವರು ತಾವೇ ಬೀದಿ ದಾಟಿ ಬಂದು ನನ್ನ ಕೋಣೆಯ ಬಾಗಿಲು ತಟ್ಟಿದರು.

"ಕೈ ಕೊಡಪ್ಪ ಇಲ್ಲಿ," ಎಂದರು.

ಕೊಟ್ಟೆ. ಎರಡೂ ಕೈಗಳಿಂದ ಹಿಡಿದು ನೋಡಿದರು.

"ಬೆಚ್ಚಗಿದೆ. ನಿನ್ನೆ ಮೊಸರು ಹಾಕ್ವಾಗ ತಣ್ಣಗಿತ್ತು. ನಲ್ಲಿ ಕೆಳಗೆ ಕೈ ತೊಳ್ಕೊಂಡು ಬಂದಿದೀಯ ಅಂದ್ಕೊಂಡೆ."

ಆ ಎರಡು ದಿನ ಅವರು ನನ್ನನ್ನು ತಮ್ಮ ಮನೆಯಿಂದ ಹೆಚ್ಚು ಹೊತ್ತು ಆಚೆಗೆ ಬಿಡಲಿಲ್ಲ. ಶನಿವಾರ ಅಲ್ಲೇ ಊಟ, ಭಾನುವಾರವೂ ಅಲ್ಲೇ. ನೀನು ಕಣ್ಮುಂದೆ ಇದ್ದರೆ ಸಮಾಧಾನ ಎಂದರು. ಕಾರಣವನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾನುವಾರ ಅವರು ದೇವರಿಗೆ ದೀಪ ಹಚ್ಚಿದಾಗ ನಾನು ಜಗಲಿಯ ಬೆಂಚಿನ ಮೇಲೆ ಕುಳಿತಿದ್ದೆ. ದೀಪ ಹಚ್ಚಿದವರು ಹೊರಗೆ ಬಂದು ನಾನು ಇದ್ದೇನೆಯೇ ಎಂದು ನೋಡಿ ಮತ್ತೆ ಒಳಗೆ ಹೋದರು. ಇದನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು. ಸುತ್ತ ಖಾಲಿ ನಿವೇಶನಗಳಾದ್ದರಿಂದ ಆ ಎರಡು ದಿನ ನನ್ನನ್ನು ಕಂಡವರು ಅವರೊಬ್ಬರೇ.

ಸೋಮವಾರ ಗೆಳೆಯರು ಬರಲಿಲ್ಲ, ತಂತಿ ಬಂತು. ರಾಮು ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದ. ಅವನ ಅಣ್ಣ ಕೊಚ್ಚಿಗೆ ಧಾವಿಸಿ, ಅಲ್ಲೇ ಸಂಸ್ಕಾರ ಮುಗಿಸಿ, ಶೇಷಗಿರಿಯನ್ನು ಜೊತೆಗೆ ಕರೆದುಕೊಂಡು ಬಂದರು. ಅವರಿಬ್ಬರೂ ಬಂದಿಳಿದಾಗ ಬೀದಿಯವರೆಲ್ಲ ಶೇಷಗಿರಿಯ ಮನೆಯ ಮುಂದೆ ಸೇರಿದ್ದರು. ನಾನೂ ಹೋದೆ. ನನ್ನನ್ನು ಕಂಡದ್ದೇ ಶೇಷಗಿರಿ ಜನರನ್ನು ಸರಿಸಿಕೊಂಡು ನನ್ನೆದುರಿಗೆ ಬಂದ.

"ಯಾವ ಮುಖ ಇಟ್ಕೊಂಡು ಬಂದ್ಯೋ ಇಲ್ಲಿಗೆ? ಭಾನುವಾರ ದೀಪ ಹಚ್ಚೋ ಹೊತ್ತಲ್ಲಿ ನೀವಿಬ್ರೂ ಜೆಟ್ಟಿ ಕಡೆ ಹೋದ್ರಿ. ನೀನು ಒಬ್ನೇ ವಾಪಸ್ ಬಂದೆ. ರಾಮು ಎಲ್ಲೋ ಅಂದ್ರೆ ಬಾಯಿ ಬಿಡ್ಲಿಲ್ಲ, ಮಂಚದ ಮೇಲೆ ಕೂತೇ ಇದ್ದೆ. ನಾನು ಹುಡುಕ್ಕೊಂಡು ಹೋಗಿ ಬರೋಷ್ಟರಲ್ಲಿ ನೀನೂ ಇಲ್ಲ."

"ನಾನು ಬೆಂಗಳೂರು ಬಿಟ್ಟೇ ಇಲ್ಲ. ರೈಲು ಹತ್ತೇ ಇಲ್ಲ."

"ಎರಡು ದಿನ ಜೊತೇಲಿದ್ದು ಒಂದು ಮಾತಾಡ್ಲಿಲ್ಲ ನೀನು. ಆಫೀಸಲ್ಲಿ ಬೈಸ್ಕೊಂಡು ಬಂದಿರ್ಬೇಕು ಅಂತ ರಾಮುನೇ ನಿನ್ನ ಪರ ಹೇಳ್ತಿದ್ದ."

"ನಿಮ್ಮಮ್ಮನ್ನ ಕೇಳು. ಶನಿವಾರ, ಭಾನುವಾರ ಎಲ್ಲಿ ಊಟ ಮಾಡ್ದೆ ಅಂತ ಅವ್ರನ್ನೇ ಕೇಳು."

ಎಲ್ಲರೂ ವೆಂಕಮ್ಮನವರ ಕಡೆ ತಿರುಗಿದರು. ಅವರು ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು. ರಾಮುವಿನ ಅಣ್ಣ, "ಹೇಳಿ ತಾಯಿ," ಎಂದರು.

"ನಂಗೆ ಜ್ಞಾಪಕ ಇಲ್ಲಪ್ಪ," ಎಂದು ಹೇಳಿ ಅವರು ಒಳಗೆ ಹೋದರು.

ಅವರ ಜ್ಞಾಪಕ ಎಂಥದೆಂದು ನನಗೆ ಗೊತ್ತು. ಬೀದಿಯ ಮಕ್ಕಳೆಲ್ಲರ ಜನ್ಮನಕ್ಷತ್ರವನ್ನೂ ತಪ್ಪದೆ ಹೇಳುತ್ತಿದ್ದವರು ಅವರು. ಆದರೆ ನಾನು ಕೊಚ್ಚಿಯಲ್ಲಿ ಇರಲಿಲ್ಲ ಎಂದು ಹೇಳಿದರೆ, ರಾಮುವಿನ ಜೊತೆ ಅಲ್ಲಿ ಇದ್ದವನು ಅವರ ಮಗನೊಬ್ಬನೇ ಎಂದಾಗುತ್ತಿತ್ತು. ಅದನ್ನು ಅವರು ಆ ಕ್ಷಣದಲ್ಲಿ ಲೆಕ್ಕ ಹಾಕಿದರು. ತಾಯಿಯಾದವರು ಹಾಗೆ ಮಾಡುತ್ತಾರೆ ಎಂದು ನನಗೆ ಹಲವರು ಸಮಾಧಾನ ಹೇಳಿದ್ದಾರೆ. ಆ ಸಮಾಧಾನವನ್ನು ನಾನು ಒಪ್ಪಿಲ್ಲ. ವೆಂಕಮ್ಮನವರು ತೀರಿಕೊಳ್ಳುವ ತನಕ ನನ್ನೊಡನೆ ಮತ್ತೆ ಮಾತನಾಡಲಿಲ್ಲ.

ಪೊಲೀಸರು ಕಾಲುಜಾರಿ ಬಿದ್ದು ಆದ ಸಾವೆಂದು ಮುಗಿಸಿದರು. ಬೀದಿಯವರು ಮುಗಿಸಲಿಲ್ಲ. ರಾಮುವಿನ ತಂಗಿಯ ಮದುವೆಗೆ ನನ್ನ ಎಡಬಲದ ಮನೆಗಳಿಗೆ ಕರೆ ಬಂತು, ನನಗೆ ಬರಲಿಲ್ಲ. ಗಣಪತಿ ಹಬ್ಬಕ್ಕೆ ನಾನು ಕೊಡಹೋದ ಚಂದಾವನ್ನು, ಇರಲಿ ಬಿಡಿ ಸಾರ್ ಎಂದು ಹಿಂದಿರುಗಿಸಿದರು. ಒಮ್ಮೆ ಯಡಿಯೂರು ಕೆರೆಯ ಏರಿಯ ಮೇಲೆ ನಡೆದುಹೋಗುತ್ತಿದ್ದಾಗ, ಹಿಂದಿನ ಬೀದಿಯ ಹೆಂಗಸೊಬ್ಬರು ನನಗೆ ಕೇಳಿಸುವಂತೆಯೇ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು, "ಈಚೆ ಬಾ, ಅವ್ರ ಪಕ್ಕ ನೀರ ಹತ್ರ ನಡೀಬೇಡ," ಎಂದರು. ಅವರ ಹೆಸರನ್ನೂ ನಾನು ಮರೆತಿಲ್ಲ. ಈಗ ಅವರಿಲ್ಲವಾದ್ದರಿಂದ ಬರೆಯುವುದಿಲ್ಲ. ನಿಶ್ಚಯವಾಗಿದ್ದ ನನ್ನ ಮದುವೆಯೊಂದು ಮುರಿದುಬಿತ್ತು. ಹೆಣ್ಣಿನ ಕಡೆಯವರು ಕಾರಣ ಹೇಳಲಿಲ್ಲ, ಆದರೆ ಅವರ ನೆಂಟರು ಇದ್ದದ್ದು ನಮ್ಮ ಬೀದಿಯಲ್ಲೇ.

ಶೇಷಗಿರಿ ಸುಳ್ಳು ಹೇಳಿದ ಎನ್ನುವುದು ಎಲ್ಲಕ್ಕಿಂತ ಸುಲಭವಾದ ವಿವರಣೆ. ಬಹುಕಾಲ ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ವೆಂಕಮ್ಮನವರು ನನ್ನ ಕೈಗೆ ಮೊಸರು ಹಾಕಿದೆನೆಂದು ಹೇಳಿದ್ದು ರಾಮು ಸಾಯುವುದಕ್ಕೆ ಎರಡು ದಿನ ಮೊದಲು. ಆಗ ಸುಳ್ಳು ಹೇಳಲು ಯಾರಿಗೂ ಕಾರಣವಿರಲಿಲ್ಲ. ರೈಲಿನಲ್ಲಿ ಆ ಬೆನ್ನನ್ನು ನಾನೇ ನೋಡಿದ್ದೇನೆ. ಬೇರೊಬ್ಬ ಮನುಷ್ಯ ನನ್ನ ಜಾಗದಲ್ಲಿ ಹೋಗಿದ್ದರೆ ಅವನು ಯಾರ ಮನೆಯವನು, ಎಲ್ಲಿಗೆ ಹಿಂದಿರುಗಿದ? ಹಾಗೆ ಕಾಣೆಯಾದವರಾಗಲಿ ಬಂದುಹೋದವರಾಗಲಿ ಯಾರೂ ಇರಲಿಲ್ಲ. ಇನ್ನು ಉಳಿಯುವುದು ಒಂದೇ ಒಂದು ಲೆಕ್ಕ. ನಾಲ್ಕಾಗಬೇಕಿದ್ದವರಲ್ಲಿ ನಾನು ಹೋಗಲಿಲ್ಲ. ಇಬ್ಬರು ಮನುಷ್ಯರು ಮತ್ತು ರಾಮುವಿನ ಜೇಬಿನಲ್ಲಿದ್ದ, ನನ್ನ ಬದಲಿಗೆ ಬಾ ಎಂದು ಶೇಷಗಿರಿ ಕರೆದಿದ್ದ ಆ ಕಲ್ಲು, ಒಟ್ಟು ಮೂರು. ಈ ಲೆಕ್ಕವನ್ನು ನಾನು ನಂಬುತ್ತೇನೆಂದು ಹೇಳುತ್ತಿಲ್ಲ. ಅದನ್ನು ತಪ್ಪೆಂದು ತೋರಿಸಲು ನನ್ನಿಂದ ಆಗಿಲ್ಲ, ಅಷ್ಟೆ.

ಶೇಷಗಿರಿ ಈಗ ಪದ್ಮನಾಭನಗರದಲ್ಲಿ ಮಗಳ ಮನೆಯಲ್ಲಿದ್ದಾನೆ. ಓದುವ ಅಭ್ಯಾಸ ಇನ್ನೂ ಇದೆಯೆಂದು ಕೇಳಿದ್ದೇನೆ. ಇದು ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅವನಿಂದ ಕ್ಷಮೆಯನ್ನು ನಾನು ಕೇಳುತ್ತಿಲ್ಲ. ಕೇಳುವುದು ಇಷ್ಟೇ. ಶೇಷಗಿರಿ, ರಾಮು ನಿನಗೆ ಒಡಹುಟ್ಟಿದವನಿಗಿಂತ ಹೆಚ್ಚಾಗಿದ್ದ. ಜೆಟ್ಟಿಯಲ್ಲಿ ಅವನ ಪಕ್ಕದಲ್ಲಿ ನಿಂತಿದ್ದವನು ನಾನೇ ಎಂದು ನೀನು ನಿಜವಾಗಿ ನಂಬಿದ್ದರೆ, ಅವನು ಕೊನೆಗೆ ಆಡಿದ ಮಾತು ಏನೆಂದು ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ನನ್ನನ್ನು ಏಕೆ ಕೇಳಲಿಲ್ಲ?