ಅಜ್ಜಿಯ ಬೈಗುಳದಲ್ಲಿ ಪೆಪ್ಟೈಡ್ ಪಾಠ

"ಅಣ್ಣ, ಸಕ್ಕರೆಗೆ ಇಷ್ಟುದ್ದ ಹೆಸರಿಟ್ಟವನು ನನ್ನ ಕೈಗೆ ಸಿಗಬೇಕು ಕಣೋ!"

ಹೋದ ಭಾನುವಾರ ರಾಯಲ್ಪಾಡಿನ ಅಜ್ಜಿ ಮನೆಗೆ ಕಾಲಿಟ್ಟಾಗ ಸಿಕ್ಕ ಸ್ವಾಗತ ಇದು. ಕೊಟ್ಟವಳು ಚಿಕ್ಕಮ್ಮನ ಮಗಳು ಸುಕನ್ಯಾ. ಬಿಎಸ್ಸಿಯಲ್ಲಿ ಅವಳಿಗೆ ಉಳಿದಿದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದೇ. ಪಾಸಾದರೆ ವೇಮಗಲ್‌ನ ಫ್ಯಾಕ್ಟರಿಯೊಂದರ ಲ್ಯಾಬ್‌ನಲ್ಲಿ ಕೆಲಸ. ಇಲ್ಲದಿದ್ದರೆ ಆ ಕುರ್ಚಿ ಬೇರೆಯವರಿಗೆ. ಪರೀಕ್ಷೆ ಬುಧವಾರ.

ನಾನೂ ಕೆಮಿಸ್ಟ್ರಿ ಓದಿದವನೇ. (ಕಾಲೇಜಿನಲ್ಲಿ ಚಪ್ಪಾಳೆ ಬಿದ್ದದ್ದು ಮಾತ್ರ ಕೆಮಿಸ್ಟ್ರಿ ಮೇಷ್ಟ್ರ ಮಿಮಿಕ್ರಿಗೆ.) ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವರ ದನಿಯಲ್ಲೇ ಶುರು ಹಚ್ಚಿಕೊಂಡೆ.

"ಆಲ್ಫಾ-ಡಿ-ಗ್ಲೂಕೋಪೈರನೋಸ್! ಹೆದರಬೇಡಮ್ಮಾ, ಅದು ಹೆಸರಲ್ಲ, ಅಡ್ರೆಸ್ಸು. ನಮ್ಮೂರಲ್ಲಿ ಬರೀ ಮಂಜಣ್ಣ ಅಂದ್ರೆ ಯಾರು ತೋರಿಸ್ತಾರೆ? ಕೆರೆ ಏರಿ ಕೆಳಗಿನ ಮಾವಿನತೋಟದ ರಾಮಪ್ಪನ ಎರಡನೇ ಮಗ ಅನ್ನಬೇಕು. ಇದೂ ಹಂಗೇ. ಗ್ಲೂಕೋ, ಯಾವ ಸಕ್ಕರೆ ಅಂತ. ಡಿ, ಯಾವ ವಂಶ ಅಂತ. ಪೈರನ್ ಅಂದ್ರೆ ಆರು ಮೂಲೆಯ ಉಂಗುರ. ಆಲ್ಫಾ ಅಂದ್ರೆ ಮೊದಲನೇ ಕಾರ್ಬನ್ನಿನ ಓಎಚ್ ಕೆಳಕ್ಕೆ, ಬೀಟಾ ಆದ್ರೆ ಮೇಲಕ್ಕೆ."

ನಕ್ಕಳು. ಅರ್ಧ ಗೆದ್ದೆ.

ಸಿಕ್ಕಿಬಿದ್ದದ್ದು ಪೆಪ್ಟೈಡಿನಲ್ಲಿ, ಅಂದರೆ ಅಮೈನೋ ಆಮ್ಲಗಳ ಸರದಲ್ಲಿ. ಗ್ಲೈಸೀನ್, ಅಲನೀನ್, ವ್ಯಾಲೀನ್ ಎಂಬ ಮೂರು ಆಮ್ಲಗಳನ್ನು ಒಂದೊಂದಾಗಿ ಪೋಣಿಸಿದರೆ ಎಷ್ಟು ಬಗೆಯ ಸರ?

"ಮೂರು" ಅಂದಳು. "ಗ್ಲೈ-ಅಲಾ-ವ್ಯಾಲ್ ತಿರುಗಿಸಿದ್ರೆ ವ್ಯಾಲ್-ಅಲಾ-ಗ್ಲೈ. ಅದೇ ಸರ ತಾನೇ? ಯಾವ ಕಡೆಯಿಂದ ನೋಡಿದ್ರೇನು?"

ಒಂದು ತುದಿ ಅಮೈನೋ, ಇನ್ನೊಂದು ಕಾರ್ಬಾಕ್ಸಿಲ್, ತಿರುಗಿಸಿದರೆ ವಸ್ತುವೇ ಬೇರೆ ಅಂತ ಮೇಷ್ಟ್ರ ದನಿಯಲ್ಲಿ ಗಂಟಲು ಹರಿದುಕೊಂಡೆ. ಊಹೂಂ. ಕೊನೆಗೆ ದನಿ ಬದಲಿಸಿದೆ. ಅಜ್ಜಿಯ ದನಿ!

"ಊಟ ಮಾಡ್ದೆ ಎಲ್ಲಿಗೋ ಹೊರಟೆ, ರಾರಾ ನಾಯನಾ!" ಕನ್ನಡದಲ್ಲಿ ಶುರು, ತೆಲುಗಿನ 'ಬಾರೋ ಕಂದ'ದಲ್ಲಿ ಮುಕ್ತಾಯ. "ಹಿಂಗಂದ್ರೆ ಏನೇ?"

"ಪ್ರೀತಿ. ಮುದ್ದೆಗೆ ತುಪ್ಪ ಬೀಳುತ್ತೆ."

"ರಾರಾ ನಾಯನಾ, ಊಟ ಮಾಡ್ದೆ ಎಲ್ಲಿಗೋ ಹೊರಟೆ! ಹಿಂಗಂದ್ರೆ?"

"ಅಯ್ಯಪ್ಪಾ, ಓಡಬೇಕು! ಕೈಯಲ್ಲಿ ಸೌಟಿರುತ್ತೆ."

"ಯಾಕೆ? ಎರಡೂ ಅದೇ ಮಾತು ತಾನೇ?"

ಸುಕನ್ಯಾ ಪೆನ್ನು ಎತ್ತಿಕೊಂಡಳು. ಮೂರನ್ನು ಹೊಡೆದುಹಾಕಿ ಆರು ಅಂತ ಬರೆದಳು.

ಅಷ್ಟರಲ್ಲಿ ಬೆನ್ನ ಹಿಂದೆ ಅಸಲಿ ದನಿ. "ರಾರಾ ನಾಯನಾ, ನನ್ನನ್ನೇ ಆಡ್ಕೊಂತೀಯಾ!"

ತೆಲುಗು ಮೊದಲು, ಕನ್ನಡ ಆಮೇಲೆ. ಕೈಯಲ್ಲಿ ಸೌಟು. (ಹಿತ್ತಲ ಬಾಗಿಲಿನಿಂದ ಹಾರಿದ್ದು ನೆನಪಿದೆ, ಚಪ್ಪಲಿ ಹಾಕಿಕೊಂಡದ್ದು ನೆನಪಿಲ್ಲ.)

ಬುಧವಾರ ಕೋಲಾರದಿಂದ ಫೋನು. "ಅಣ್ಣ, ಅದೇ ಪ್ರಶ್ನೆ ಬಂತು ಕಣೋ! ಆದ್ರೆ ಮೂರಲ್ಲ, ನಾಲ್ಕು ಅಮೈನೋ ಆಮ್ಲ ಕೊಟ್ಟಿದ್ರು."

"ಎಷ್ಟು ಬರೆದೆ?"

"ಇಪ್ಪತ್ನಾಲ್ಕು. ಪಕ್ಕದವಳು ಹನ್ನೆರಡು ಬರೆದಳಂತೆ. ಪಾಪ, ಅವಳ ಮನೇಲಿ ಎಲ್ಲರೂ ಒಂದೇ ಭಾಷೇಲಿ ಬೈತಾರಂತೆ!"

ರಿಸಲ್ಟ್ ಇನ್ನೂ ಬಂದಿಲ್ಲ. ಅವಳು ಆಗಲೇ ವೇಮಗಲ್ ಬಸ್ಸಿನ ಟೈಮ್ ವಿಚಾರಿಸಿ ಆಗಿದೆ.

ನನಗೀಗ ಉಳಿದಿರುವ ಚಿಂತೆ ಒಂದೇ: ಮನೆಯಲ್ಲಿ ಬೈಯೋರೇ ಇಲ್ಲದ ಮಕ್ಕಳು ಕೆಮಿಸ್ಟ್ರಿ ಹೇಗೆ ಪಾಸಾಗ್ತಾರೆ?