ಪ್ಯಾಸೇಜ್ ಓದಬ್ಯಾಡ್ರಿ

ರಾಯಬಾಗ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮಾಸ್ತರ. ಊರವರ ಪ್ರಕಾರ ನಾನು ಮಕ್ಕಳಿಗೆ ಇಂಗ್ಲಿಷ್ ಓದುವುದನ್ನು ಕಲಿಸುತ್ತೇನೆ. ನಿಮ್ಮೆದುರು ಮುಚ್ಚಿಡುವುದೇನು, ಬಹಳ ವರ್ಷ ನಾನು ಕಲಿಸಿದ್ದು ಓದದೆ ಇರುವುದನ್ನು.

ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಪ್ಯಾಸೇಜ್ ಅಂತ ಒಂದು ಬರುತ್ತದೆ. ಮಕ್ಕಳು ಹಿಂದೆಂದೂ ನೋಡದ ಒಂದು ತುಂಡು ಬರಹ, ಅದರ ಕೆಳಗೆ ನಾಲ್ಕಾರು ಪ್ರಶ್ನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಗೊಬ್ಬರದ ಚೀಲದ ಮೇಲಿನ ಅಕ್ಷರ. ಅದಕ್ಕೆ ನಾನೊಂದು ಉಪಾಯ ಹೇಳಿಕೊಡುತ್ತಿದ್ದೆ. "ಪ್ಯಾಸೇಜ್ ಓದಬ್ಯಾಡ್ರಿ. ಪ್ರಶ್ನಿ ಓದ್ರಿ. ಪ್ರಶ್ನ್ಯಾಗಿನ ಶಬ್ದ ಮ್ಯಾಲೆ ಎಲ್ಲೈತಿ ಹುಡುಕ್ರಿ. ಸಿಕ್ಕ ಸಾಲು ಇದ್ದಂಗ ಇಳಸ್ರಿ."

ಹಳೆಯ ಪಂಡಿತರು ಒಂದು ಪದ್ಯವನ್ನು ಅನ್ವಯ, ಅರ್ಥ, ಭಾವಾರ್ಥ ಎಂದು ಮೂರು ಸಲ ಸುತ್ತುತ್ತಿದ್ದರಂತೆ. ನಾನು ಮಕ್ಕಳಿಂದ ಆ ಮೂರನ್ನೂ ಬಿಡಿಸಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ಆ ಒಕ್ಕಾಲಿನ ಶ್ರಮವೂ ಉಳಿಯಿತು. ಒಂದು ವರ್ಷ ಝೆರಾಕ್ಸ್ ಅಂಗಡಿಯವನು ನಡುವಿನ ನಾಲ್ಕು ಸಾಲು ನುಂಗಿ ಪ್ಯಾಸೇಜ್ ತೆಗೆದುಕೊಟ್ಟಿದ್ದ. ಇಡೀ ತರಗತಿಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಿದ್ದು ವರ್ಷ ಮುಗಿದ ಮೇಲೆ. ಮಕ್ಕಳನ್ನು ಅನ್ನಲು ನನಗೆ ಬಾಯಿಯಾದರೂ ಎಲ್ಲಿದೆ? ಲಗ್ನಪತ್ರಿಕೆ ಬಂದರೆ ನಾನು ಅದರಲ್ಲಿ ಹುಡುಕುವುದು ಊಟದ ಜಾಗ, ಅಕ್ಷತೆಯ ಹೊತ್ತು. ಲಗ್ನ ಯಾರದೆಂಬುದು ಮಂಟಪಕ್ಕೆ ಹೋದ ಮೇಲೆ ತಿಳಿಯುತ್ತದೆ.

ಈ ಉಪಾಯ ಹತ್ತದೆ ಹೋದದ್ದು ಲಗಮವ್ವನಿಗೆ. ಕುರಿ ಸಾಕುವವರ ಮಗಳು. ಪಾಸಾದರೆ ಚಿಕ್ಕೋಡಿಯ ಅತ್ತೆಯ ಮನೆಯಲ್ಲಿದ್ದು ಕಾಲೇಜು, ನಪಾಸಾದರೆ ಕುರಿ ಹಿಂದೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಉಳಿದ ವಿಷಯ ಹೇಗೋ ದಾಟುತ್ತಿದ್ದಳು. ಇಂಗ್ಲಿಷಿನಲ್ಲಿ ಮಾತ್ರ ಬೆರಳಿಟ್ಟು ಸಾಲು ಸಾಲು ಓದುತ್ತಾಳೆ, ತಿಳಿಯದ ಶಬ್ದಕ್ಕೆ ನಿಲ್ಲುತ್ತಾಳೆ. ಗಂಟೆ ಹೊಡೆಯುವಾಗ ಎರಡೇ ಉತ್ತರ ಆಗಿರುತ್ತವೆ.

ಒಂದು ದಿನ ಕೊಟ್ಟ ಪ್ಯಾಸೇಜಿನಲ್ಲಿ ಮುದುಕಿಯೊಬ್ಬಳು, ಮಳೆಗಾಳಿಯಲ್ಲಿ ತಪ್ಪಿಸಿಕೊಂಡ ಆಡನ್ನು ಹುಡುಕುತ್ತ ಗುಡ್ಡ ಹತ್ತುತ್ತಾಳೆ. ಅಲ್ಲಿಗೆ ತುಂಡು ಮುಗಿಯುತ್ತದೆ. ಆಡಿನ ಬಣ್ಣ ಯಾವುದು, ಮುದುಕಿಯ ಕೈಯಲ್ಲಿ ಏನಿತ್ತು, ಇಂಥವು ಪ್ರಶ್ನೆ. ಎಲ್ಲರೂ ಬರೆದು ಕೊಟ್ಟರು. ಲಗಮವ್ವ ಎದ್ದು ನಿಂತಳು.

"ಸರ, ಆಡು ಸಿಕ್ಕಿತೇನ್ರಿ?"

"ಅದು ಪ್ರಶ್ನ್ಯಾಗ ಇಲ್ಲವಾ."

"ಗಬ್ಬ ಐತ್ರಿ ಅದು. ಇವತ್ತ ನಾಳಿ ಈಯೂದೈತಿ. ಹಂತಾ ಮಳ್ಯಾಗ ಉಳಿಯೂದಿಲ್ರಿ."

ಹಾಳೆ ತೆಗೆದು ನೋಡಿದೆ. ಮೂರನೇ ಸಾಲಿನಲ್ಲಿತ್ತು. ಒಂಬತ್ತು ವರ್ಷದಿಂದ ಅದೇ ಪ್ಯಾಸೇಜ್ ಕೊಡುತ್ತಿದ್ದೆ, ಆಡು ಗಬ್ಬವೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ಮಾಸ್ತರರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಗದರಿದೆ. "ಆಡು ಸಿಗಲಿ ಬಿಡಲಿ, ನೀ ಪಾಸಾಗಬೇಕೋ ಬ್ಯಾಡೋ?"

ಮರುದಿನದಿಂದ ಅವಳನ್ನು ಮುಂದಿನ ಸಾಲಿಗೆ ಕೂಡ್ರಿಸಿದೆ. ಬೆರಳು ಸಾಲಿನ ಮೇಲೆ ಹೋದರೆ ಸಾಕು, ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದೆ. ಎರಡು ತಿಂಗಳಲ್ಲಿ ಬೆರಳು ನಿಂತಿತು.

ಲಗಮವ್ವ ಪಾಸಾದಳು. ಅಂಕಪಟ್ಟಿ ಒಯ್ಯಲು ಅಪ್ಪನೊಂದಿಗೆ ಬಂದಳು, ಅಪ್ಪ ಪೇಢೆ ಕೊಟ್ಟು ಕೈಮುಗಿದ. ನನಗೂ ಖುಷಿಯಾಗಿತ್ತು. ಮಾತಿಗೆಂದು ಕೇಳಿದೆ, "ಪರೀಕ್ಷ್ಯಾಗ ಪ್ಯಾಸೇಜ್ ಯಾತರದ ಮ್ಯಾಲೆ ಬಂದಿತ್ತವಾ?"

"ಗೊತ್ತಿಲ್ರಿ ಸರ," ಎಂದು ನಕ್ಕಳು. "ನೀವು ಹೇಳಿದಂಗ ಮಾಡಿನ್ರಿ. ಓದಲಿಲ್ರಿ."

"ನಿಮ್ಮ ಮಾತು ಮೀರಲಿಲ್ಲ ನೋಡ್ರಿ," ಎಂದ ಅಪ್ಪ, ಮಗಳ ಬೆನ್ನು ತಟ್ಟಿ.

ಆಡಿನ ಆ ಪ್ಯಾಸೇಜನ್ನು ಈಗಲೂ ಪ್ರತಿ ವರ್ಷ ಕೊಡುತ್ತೇನೆ. ಮಕ್ಕಳು ಬರೆಯುವ ಹೊತ್ತಿಗೆ ನಾನು ಕುರ್ಚಿಯಲ್ಲಿ ಕೂತು, ಬೆರಳಿಟ್ಟು, ಮೊದಲಿನಿಂದ ಕೊನೆಯ ಸಾಲಿನವರೆಗೆ ಓದುತ್ತೇನೆ. ಆಡು ಇನ್ನೂ ಸಿಕ್ಕಿಲ್ಲ.