ಅಂಗಾಲು ಹಿಡಿದವರು

ರೈಸಾ ಮಾಸ್ಕೋದ ಪ್ರಯೋಗಾಲಯವೊಂದರಲ್ಲಿ ಹದಿನೆಂಟು ವರ್ಷದಿಂದ ಆಯಾ. ತೂಕವಿಲ್ಲದಿದ್ದರೆ ಮೈ ಏನಾಗುತ್ತದೆಂದು ನೋಡಲು ಅಲ್ಲಿ ಜನರನ್ನು ರಬ್ಬರ್ ಬಟ್ಟೆ ಹೊದಿಸಿದ ನೀರಿನ ತೊಟ್ಟಿಯಲ್ಲಿ ಐದು ದಿನ ತೇಲಿಸುತ್ತಾರೆ. ಆಮೇಲೆ ಎದ್ದು ನಿಂತಾಗ ಗಂಡಸರಿಗಿಂತ ಹೆಂಗಸರೇ ಹೆಚ್ಚು ಕುಸಿಯುತ್ತಾರೆ. ಹತ್ತು ನಿಮಿಷ ಕುಸಿಯದೆ ನಿಂತರಷ್ಟೇ, ಈ ಸಲ ತೊಟ್ಟಿಗಿಳಿದ ಶಿಕ್ಷಕಿ ಅಲ್ಬೀನಾಗೆ ಗಗನಯಾನದ ತರಬೇತಿ.

ಮೂರನೆಯ ದಿನ ತೊಟ್ಟಿಯಿಂದ ಅವಳು, "ರೈಸಾ ಅಕ್ಕ, ನನ್ನ ಕಾಲು ಇದೆಯಾ ನೋಡೇ, ಬೆಕ್ಕು ತಿಂತೋ ಏನೋ," ಎಂದಳು. ರೈಸಾ ಬಟ್ಟೆಯ ಮೇಲಿಂದ ಅಂಗಾಲು ಒತ್ತಿದಳು.

ಐದನೆಯ ದಿನ, "ಸಾಕು ಬಿಡೇ ಅಕ್ಕ, ಬೆಳಗ್ಗಿಂದ ಒತ್ತುತ್ತಾನೇ ಇದೀಯ," ಎಂದಳು. ರೈಸಾ ಅವಳ ತಲೆಯ ಬಳಿ ನಿಂತು ಚಹಾ ಕುಡಿಸುತ್ತಿದ್ದಳು. ಇದನ್ನು ಅವಳು ವೈದ್ಯರಿಗೆ ಹೇಳಲಿಲ್ಲ, ಹೇಳಿದರೆ ಅಲ್ಬೀನಾಳನ್ನು ಮನೆಗೆ ಕಳಿಸಿಬಿಡುತ್ತಿದ್ದರು.

ಮರುದಿನ ಅಲ್ಬೀನಾ ಹತ್ತು ನಿಮಿಷವೂ ಅಲುಗದೆ ನಿಂತಳು. ಮುಗಿದಾಗ ಕಾಲಡಿಯ ಬರಿನೆಲದತ್ತ ನೋಡಿ, "ಇನ್ನು ಕಾಲು ಬಿಡು," ಎಂದಳು. ಹೇಳಿದ್ದೇ ತಡ, ಕುಸಿದಳು.